ಬುಟ್ಟಿಗೆ ಹೋದ ಕೈ

ಕೊಟ್ಟೂರಿನ ಆ ಓಣಿಯಲ್ಲಿ ಬೆಳಗಿನ ಹೊತ್ತು ಗಡಿಯಾರ ನೋಡುವವರು ಕಡಿಮೆ. "ಬುಟ್ಟಿ ಬಂತ್ರವ್ವ" ಎಂಬ ಹಂಪಮ್ಮನ ದನಿ ಕೇಳಿದರೆ ಎಂಟೂವರೆ ಆಯಿತೆಂದೇ ಅರ್ಥ. ಬಿದಿರಿನ ಅಗಲ ಬುಟ್ಟಿ, ಮೇಲೆ ಹಳೆಯ ಇಳಕಲ್ ಸೀರೆಯ ತುಂಡು. ಅದನ್ನು ಸುತ್ತಲೂ ದಾರದಿಂದ ಬಿಗಿದು, ಒಂದು ಕಡೆ ಮಾತ್ರ ಕೈ ಹೋಗುವಷ್ಟು ಸಡಿಲ ಬಿಟ್ಟಿರುತ್ತಿದ್ದಳು. ಬಾಗಿಲ ಮುಂದೆ ನಿಂತು ಬುಟ್ಟಿಯನ್ನು ಸೊಂಟಕ್ಕೆ ಇಳಿಸಿ, ಮುಖವನ್ನು ಬೀದಿಯ ಕಡೆ ತಿರುಗಿಸುವಳು. ಒಳಗಿನಿಂದ ಸೆರಗು ಮುಚ್ಚಿದ ತಟ್ಟೆಯೊಂದು ಬರುತ್ತಿತ್ತು. ಒಂದು ಕೈ ಬಟ್ಟೆಯಡಿ ಹೋಗಿ ಹೊರಗೆ ಬರುತ್ತಿತ್ತು. "ಶರಣಾರ್ಥಿ" ಎಂದು ಹಂಪಮ್ಮ ಮುಂದಿನ ಮನೆಗೆ ನಡೆಯುತ್ತಿದ್ದಳು.

ಹೀಗೆ ಕೂಡಿದ ಜೋಳದ ರೊಟ್ಟಿ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿತ್ತು. ರೋಗಿಗಳಿಗಲ್ಲ, ರೋಗಿಗಳ ಜೊತೆ ಬಂದವರಿಗೆ. ಮಗಳ ಹೆರಿಗೆಗೆಂದು ಹಳ್ಳಿಯಿಂದ ಬಂದು ಮೂರು ದಿನದಿಂದ ವರಾಂಡದಲ್ಲಿ ಕೂತ ತಾಯಿ ಇರುತ್ತಾಳೆ. ಹಾವು ಕಚ್ಚಿದ ತಮ್ಮನನ್ನು ಬೈಕಿನಲ್ಲಿ ತಂದು ಹಾಕಿ, ಜೇಬು ಮುಟ್ಟಿ ನೋಡಿಕೊಂಡು ಸುಮ್ಮನಾದ ಅಣ್ಣ ಇರುತ್ತಾನೆ. ಅವರ ಹಸಿವನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ. ಅಂಥವರ ಕೈಗೆ ಎರಡು ರೊಟ್ಟಿ, ಮೇಲೊಂದು ಚಿಟಿಕೆ ಶೇಂಗಾ ಚಟ್ನಿಪುಡಿ. ಚಟ್ನಿಪುಡಿ ಹಂಪಮ್ಮನದೇ. ಅದನ್ನು ಕುಟ್ಟಿ ಮಾರಿಯೇ ಅವಳ ಜೀವನ ನಡೆಯುತ್ತಿತ್ತು.

ಬುಟ್ಟಿಯನ್ನು ಶುರುಮಾಡಿದವಳು ಅವಳ ಅತ್ತೆ ಗಾದೆಮ್ಮ. ನಲವತ್ತು ವರ್ಷದ ಹಿಂದಿನ ಮಾತು. ಗಾದೆಮ್ಮನ ಕಟ್ಟಳೆಗಳು ಎರಡೇ. ಬೀದಿಯಲ್ಲಿ ಬಟ್ಟೆ ತೆಗೆಯಬಾರದು, ಕೈ ಒಳಗೆ ಹೋದಾಗ ನೋಡಬಾರದು. ಯಾಕೆಂದರೆ ಬುಟ್ಟಿಗೆ ಹೋಗುವ ಕೈಯೆಲ್ಲ ಹಾಕುವ ಕೈಯೇ ಆಗಿರಬೇಕೆಂದಿರಲಿಲ್ಲ. ಮನೆಯಲ್ಲಿ ಹಿಟ್ಟಿಲ್ಲದ ದಿನ ಅದೇ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದುಕೊಳ್ಳಬಹುದಿತ್ತು. ಖಾಲಿ ತಟ್ಟೆಗೆ ಸೆರಗು ಮುಚ್ಚಿಕೊಂಡು ಬಂದು, ತುಂಬಿದ ತಟ್ಟೆಗೆ ಸೆರಗು ಮುಚ್ಚಿಕೊಂಡು ಒಳಗೆ ಹೋದರೆ ಬೀದಿಯಲ್ಲಿ ನಿಂತವರಿಗೆ ಏನು ಗೊತ್ತಾಗುತ್ತದೆ? ಈ ಸಂಗತಿಯನ್ನು ಓಣಿಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದಲ್ಲ. ಬೇಕಾದವರಿಗೆ ಹೇಗೋ ಗೊತ್ತಿತ್ತು. ಬೇಡದವರಿಗೆ ಗೊತ್ತಾಗುವ ಕಾರಣವೇ ಇರಲಿಲ್ಲ.

ಬುಟ್ಟಿ ಹೊತ್ತವಳ ಮಾತು ಬೇರೆ. ಮುಖ ತಿರುಗಿಸಬಹುದು, ಸೊಂಟವನ್ನು ಎಲ್ಲಿಗೆ ತಿರುಗಿಸುವುದು? ಭಾರ ಕೂಡಿದ್ದು, ಕಳೆದದ್ದು ಅದಕ್ಕೆ ತಿಳಿದೇ ತಿಳಿಯುತ್ತದೆ. ಬುಟ್ಟಿಯನ್ನು ಸೊಸೆಗೆ ಒಪ್ಪಿಸುವ ದಿನ ಗಾದೆಮ್ಮ ಅದನ್ನೂ ಹೇಳಿದ್ದಳು.

"ತಿಳಿತೈತಿ ನಿಂಗ. ತಿಳಿದ್ರ ತಿಳೀಲಿ. ನಿಂಗ ತಿಳದೈತಿ ಅಂಬೋದು ಅವ್ರಿಗೆ ತಿಳೀಬಾರದು, ಅಷ್ಟ."

ಹಂಪಮ್ಮ ಆ ಮಾತನ್ನು ಇಪ್ಪತ್ತಾರು ವರ್ಷ ಪಾಲಿಸಿದ್ದಳು. ಗಂಡನಿಗೆ ಹೇಳಲಿಲ್ಲ. ಅವನು ತೀರಿಕೊಂಡ ಮೇಲೆ ಮಗನಿಗೆ, ಸೊಸೆ ಪ್ರಿಯಾಗೆ ಯಾರಿಗೂ ಹೇಳಲಿಲ್ಲ. ಇಷ್ಟು ಕಾಲ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು, ಯಾಕೆ ಸುಳ್ಳು ಹೇಳಬೇಕು.

ಆದರೆ ಕಾಲ ಬುಟ್ಟಿಯ ಕಡೆ ಇರಲಿಲ್ಲ. ಒಂದು ಕಾಲಕ್ಕೆ ನಲವತ್ತು ಮನೆ ಹಾಕುತ್ತಿದ್ದವು. ಕೊರೋನಾ ಬಂದು ಹೋದ ಮೇಲೆ ಇಪ್ಪತ್ತೈದಾಯಿತು, ಆಮೇಲೆ ಹದಿನಾಲ್ಕಕ್ಕೆ ಇಳಿಯಿತು. ಮನೆಯಲ್ಲಿ ರೊಟ್ಟಿ ಬಡಿಯುವವರೇ ಕಡಿಮೆಯಾದರು, ಖಾನಾವಳಿಯಿಂದ ಎಣಿಸಿ ತಂದ ರೊಟ್ಟಿಯಲ್ಲಿ ಬುಟ್ಟಿಗೆ ಎಲ್ಲಿಂದ ಹಾಕುತ್ತಾರೆ? ಸರ್ಕಾರ ಪುಕ್ಕಟೆ ಅಕ್ಕಿ ಕೊಡುತ್ತದಲ್ಲ, ಇನ್ನೂ ಯಾರು ಉಪವಾಸ ಇರುತ್ತಾರೆ ಅನ್ನುವವರು ಕೆಲವರು. ಇನ್ನು ಕೆಲವರಿಗೆ ಅನುಮಾನದ ಚಾಳಿ ಹತ್ತಿತ್ತು. ಎಲ್ಲೋ ಯಾರೋ ಅನಾಥಾಶ್ರಮದ ಹೆಸರಲ್ಲಿ ದುಡ್ಡೆತ್ತಿ ಕಾರು ತಗೊಂಡ ಸುದ್ದಿಯನ್ನು ಫೋನಿನಲ್ಲಿ ನೋಡಿದ್ದೇ ತಡ, ಹಂಪಮ್ಮನ ಬುಟ್ಟಿಯ ಮೇಲೂ ಕಣ್ಣು ಬಿತ್ತು. "ಆ ರೊಟ್ಟಿ ದವಾಖಾನಿಗೇ ಹೋಗ್ತಾವ ಅಂತ ಕಂಡೋರ್ಯಾರು?" ಎಂದು ಒಬ್ಬಾಕೆ ನಲ್ಲಿಯ ಹತ್ತಿರ ಅಂದದ್ದು ಹಂಪಮ್ಮನ ಕಿವಿಗೂ ಬಂತು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಕೊಡುವವರು ಇಲ್ಲವೆಂದಲ್ಲ. ಕೊಡುವ ರೀತಿ ಬದಲಾಗಿತ್ತು. ಯಾರದೋ ಹುಟ್ಟುಹಬ್ಬವೆಂದು ಏಳೆಂಟು ಜನ ಆಸ್ಪತ್ರೆಗೆ ಬಂದು, ಬಾಣಂತಿಯೊಬ್ಬಳ ಮಂಚದ ಸುತ್ತ ನಿಂತು, ಒಂದು ಬಾಳೆಹಣ್ಣಿಗೆ ಏಳು ಕೈ ಹಚ್ಚಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಬಾಣಂತಿ ಯಾವ ಕಡೆ ನೋಡಬೇಕೋ ತಿಳಿಯದೆ ಕೂಸಿನ ಮುಖ ನೋಡುತ್ತಿದ್ದಳು.

ಹದಿನಾಲ್ಕು ಮನೆಯ ರೊಟ್ಟಿ ಆಸ್ಪತ್ರೆಗೆ ಸಾಲುತ್ತಿರಲಿಲ್ಲ. ಅದರಲ್ಲೇ ಮೂರು ಮನೆಯವರು ತೆಗೆದುಕೊಳ್ಳುತ್ತಿದ್ದರು ಬೇರೆ. ಒಂದು ವಾಚಮನ್ ಮಾರಣ್ಣನ ಮನೆ. ಇನ್ನೊಂದು ಬೀದಿ ಕೊನೆಯ ಬಾಡಿಗೆ ಮನೆ. ಮೂರನೆಯದನ್ನು ಯಾರಾದರೂ ಆಣೆ ಮಾಡಿ ಹೇಳಿದರೂ ಓಣಿ ನಂಬುತ್ತಿರಲಿಲ್ಲ. ಅದು ಗುರುಶಾಂತನ ಮನೆ.

ಗುರುಶಾಂತನದು ಬಟ್ಟೆ ಅಂಗಡಿ. ಹರಪನಹಳ್ಳಿಯಿಂದ, ಹಡಗಲಿಯಿಂದ ಜನ ಮದುವೆ ಜವಳಿಗೆ ಅವನಲ್ಲಿಗೆ ಬರುತ್ತಿದ್ದರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಅಂಗಡಿ ಮುಚ್ಚಿತು. ಹೆಂಡತಿ ಪುಷ್ಪಲತಾ ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಬಂದದ್ದು ಗಂಡನ ಗುಳಿಗೆಗೆ, ಮಗಳು ಅರ್ಚನಾಳ ಕಾಲೇಜಿಗೆ. ಅಂಗಡಿ ಇದ್ದ ಕಾಲದಲ್ಲಿ ತೆರಿಗೆ ಕಟ್ಟಿದವರೆಂದು ಬಡವರ ರೇಷನ್ ಕಾರ್ಡೂ ಸಿಗಲಿಲ್ಲ. ಅದಕ್ಕೆ ಓಡಾಡಿ ಅರ್ಜಿ ಹಾಕಬೇಕೆಂದರೆ ಹತ್ತು ಜನರೆದುರು ತನ್ನ ಬಡತನ ಹೇಳಿಕೊಳ್ಳಬೇಕು. ಪುಷ್ಪಲತಾ ಸತ್ತರೂ ಆ ಕೆಲಸ ಮಾಡುವವಳಲ್ಲ. ಹದಿನಾಲ್ಕು ತಿಂಗಳಿಂದ ದಿನಕ್ಕೆ ನಾಲ್ಕು ರೊಟ್ಟಿ ಆ ಬಾಗಿಲಲ್ಲಿ ಬುಟ್ಟಿಯಿಂದ ಇಳಿಯುತ್ತಿದ್ದವು. ಹಂಪಮ್ಮ ಬೀದಿಯ ಕಡೆ ನೋಡುತ್ತಾ "ಶರಣಾರ್ಥಿ" ಅನ್ನುತ್ತಿದ್ದಳು.

ಅರುಣಕುಮಾರ್ ಬಂದದ್ದು ಇಂಥ ಹೊತ್ತಿನಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟ ಹುಡುಗ, ಮೂವತ್ತೆರಡರ ಪ್ರಾಯ. ಗೆಳೆಯರನ್ನು ಕಟ್ಟಿಕೊಂಡು ನೆರವು ಬಳಗ ಎಂದು ಮಾಡಿದ್ದ. ಅವನನ್ನು ಕೆಟ್ಟವನೆಂದು ಹೇಳಿದರೆ ನನ್ನ ನಾಲಗೆ ಸೇದಿಹೋಗಲಿ. ಅಪಘಾತವಾದರೆ ಮೊದಲು ಓಡುವವನು ಅವನೇ, ರಕ್ತ ಬೇಕೆಂದರೆ ಮೊದಲು ತೋಳು ಚಾಚುವವನೂ ಅವನೇ. ಮಾಡಿದ್ದನ್ನೆಲ್ಲ ಫೋನಿನಲ್ಲಿ ಹಾಕುತ್ತಿದ್ದ, ಅಷ್ಟೆ. ಹಾಕದಿದ್ದರೆ ಮಾಡಿಲ್ಲ ಅನ್ನುವ ಜನ ಇದ್ದಾರೆಂದು ಅವನಿಗೆ ಗೊತ್ತಿತ್ತು.

ಒಂದು ಶನಿವಾರ ಹಂಪಮ್ಮನ ಕಟ್ಟೆಯ ಮೇಲೆ ಬಂದು ಕೂತ.

"ದೊಡ್ಡವ್ವ, ನಿನ್ನಿ ದವಾಖಾನಿಯಾಗ ಆರು ಮಂದಿಗೆ ರೊಟ್ಟಿ ಸಾಲಲಿಲ್ಲಂತ. ಹೌದೇನ್ರಿ?"

"ಹೌದಪ್ಪ. ಇಟಗಿ ಕಡಿಯಿಂದ ಒಬ್ಬಾಕಿ ಬಂದಿದ್ಲು, ಒಂದನ್ನ ಮುರದು ಇಬ್ರಿಗೆ ಕೊಟ್ಟೆ."

"ಮಂದಿಗೆ ಕೊಡಾಕ ಮನಸೈತಿ. ನಂಬಿಕಿ ಇಲ್ಲ. ಕಣ್ಣಿಗೆ ಕಾಣ್ಬೇಕು ಈಗ. ನಾಳಿ ನಿಮ್ಮ ಹಿಂದ ನಾನು ಬರ್ತೀನಿ. ಪ್ರತಿಯೊಂದು ಮನಿ ಮುಂದ ವಿಡಿಯೋ, ಯಾರು ಎಷ್ಟು ಹಾಕಿದ್ರು ಅಂತ ಹೆಸ್ರು. ಒಂದು ತಿಂಗಳಾಗ ನೋಡ್ರಿ, ಅರವತ್ತು ಮನಿ ಆಗ್ತಾವ."

ಇಟಗಿಯ ಆ ಹೆಂಗಸು ಅರ್ಧ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ತಿನ್ನಲೋ ಮೊಮ್ಮಗನಿಗೆ ಇಡಲೋ ಎಂದು ಕೂತದ್ದು ಹಂಪಮ್ಮನ ಕಣ್ಣ ಮುಂದಿತ್ತು. ಬಟ್ಟೆಯ ಮೇಲಿನಿಂದ ವಿಡಿಯೋ ಮಾಡಿದರೆ ಏನು ಕಂಡೀತು? ಕೈ ಒಳಗೆ ಹೋಗುವುದು ಕಾಣುತ್ತದೆ, ಹೊರಗೆ ಬರುವುದು ಕಾಣುತ್ತದೆ. ಇಷ್ಟು ವರ್ಷ ಬೀದಿಗೆ ಕಂಡದ್ದೇ ಫೋನಿಗೂ ಕಾಣುತ್ತದೆ ಎಂದು ಲೆಕ್ಕ ಹಾಕಿ, "ಆತು ಬಾರಪ್ಪ" ಅಂದಳು.

ಅರುಣಕುಮಾರ್ ಎದ್ದು ಹೋದ ಮೇಲೆ ಅವಳಿಗೆ ಸಮಾಧಾನವಾಗಲಿಲ್ಲ. ಸಂಜೆ ಗುರುಶಾಂತನ ಮನೆಯ ಮುಂದೆ ಹೋಗಿ ನಿಂತಳು. ಒಳಗೆ ಮಷಿನ್ ಓಡುವ ಸದ್ದು. "ನಾಳಿ ಒಂದಿನ ತಗೋಬ್ಯಾಡವ್ವ" ಎಂಬ ಮಾತು ಬಾಯ ತುದಿಗೆ ಬಂದಿತ್ತು. ಆದರೆ ಅದನ್ನು ಆಡಿದರೆ ಏನಾಗುತ್ತದೆ? ಹದಿನಾಲ್ಕು ತಿಂಗಳಿಂದ ಹಂಪಮ್ಮನಿಗೆ ಎಲ್ಲ ಗೊತ್ತಿತ್ತು ಎಂದು ಪುಷ್ಪಲತಾಳಿಗೆ ತಿಳಿಯುತ್ತದೆ. ಆಮೇಲೆ ಆ ಹೆಣ್ಣು ಬಾಗಿಲಿಗೆ ಬರುತ್ತಾಳೆಯೇ, ಮುಖ ಕೊಟ್ಟು ಮಾತಾಡುತ್ತಾಳೆಯೇ? ಅತ್ತೆಯ ಮಾತು ಮುರಿದಂತೆಯೂ ಆಗುತ್ತದೆ. ಹಂಪಮ್ಮ ಬೀದಿಯಿಂದಲೇ ದನಿ ಏರಿಸಿ ಹೇಳಿದಳು.

"ನಾಳಿ ಅರುಣಕುಮಾರ ಬರ್ತಾನವ್ವ ನನ್ನ ಕೂಡ. ವಿಡಿಯೋ ಮಾಡ್ತಾನಂತ. ಎಲ್ಲಾರ ಮನಿ ಮುಂದೂ."

ಮಷಿನ್ ನಿಂತಿತು. "ಆತ್ರಿ ಹಂಪಮ್ಮಕ್ಕ" ಎಂದು ಒಳಗಿನಿಂದ ದನಿ ಬಂತು. ಮತ್ತೆ ಮಷಿನ್ ಓಡಿತು. ಹೇಳಬೇಕಾದ್ದನ್ನು ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು ಎಂದುಕೊಂಡು ಹಂಪಮ್ಮ ಮನೆಗೆ ಬಂದಳು. ಜಾಣತನ ಮಾಡಿದೆ ಎಂದು ಆ ಸಂಜೆ ಅವಳಿಗೆ ಅನಿಸಿತ್ತು ಪಾಪ.

ಭಾನುವಾರ ಮೊದಲ ಮನೆಯ ಮುಂದೆಯೇ ತಕರಾರು ಶುರುವಾಯಿತು.

"ದೊಡ್ಡವ್ವ, ಬಟ್ಟಿ ತಗೀರಿ. ರೊಟ್ಟಿ ಕಾಣವಲ್ವು."

"ಬಟ್ಟಿ ಇರ್ಲಪ್ಪ. ಧೂಳು ಬೀಳ್ತೈತಿ."

"ಧೂಳಿಗೆ ನಾನು ತಂದೀನಿ ನೋಡ್ರಿ" ಎಂದು ಅರುಣಕುಮಾರ್ ಚೀಲದಿಂದ ಹೊಳೆಯುವ ಪ್ಲಾಸ್ಟಿಕ್ ಹಾಳೆ ತೆಗೆದ. ಗಾಜಿನಂತೆ ಆರಪಾರ ಕಾಣುವಂಥದ್ದು. "ಬಟ್ಟಿ ಮುಚ್ಚಿದ್ದಕ್ಕ ಮಂದಿ ಅನುಮಾನ ಪಟ್ಟಿದ್ದು. ಮುಚ್ಚೋದು ಏನೈತ್ರಿ ಇದರಾಗ?"

ಮುಚ್ಚುವುದು ಏನಿದೆ ಎಂದು ಹೇಳುವಂತಿದ್ದರೆ ಅದು ಮುಚ್ಚಿಡುವ ಮಾತೇ ಆಗುತ್ತಿರಲಿಲ್ಲ. ಅವನು ದಾರ ಬಿಚ್ಚಿ, ಸೀರೆಯ ತುಂಡನ್ನು ಮರ್ಯಾದೆಯಿಂದ ಮಡಚಿ ಹಂಪಮ್ಮನ ಹೆಗಲಿಗೆ ಹಾಕಿದ. ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಸಿ ಕ್ಲಿಪ್ಪು ಹಾಕಿದ.

ಮಾರಣ್ಣನ ಹೆಂಡತಿ ಎರ್ರೆಮ್ಮ ಬಾಗಿಲಿಗೆ ಬಂದವಳು ಪ್ಲಾಸ್ಟಿಕ್ ನೋಡಿದಳು, ಫೋನು ನೋಡಿದಳು. "ಇವತ್ತು ಒಲಿ ಹಚ್ಚಿಲ್ಲ ತಗಾ" ಎಂದು ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು. ಬಾಡಿಗೆ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಗುರುಶಾಂತನ ಮನೆ ಬಂತು. ಹಂಪಮ್ಮ ಕೂಗು ಹಾಕದೆ, ಹೆಜ್ಜೆ ಬಿರುಸಾಗಿ ಹಾಕಿ ಮುಂದೆ ಹೋದಳು.

"ದೊಡ್ಡವ್ವ, ಗುರುಶಾಂತಣ್ಣನ ಮನಿ ಬಿಟ್ರಲ್ಲ" ಎಂದ ಅರುಣಕುಮಾರ್. "ಅವ್ರದು ಮೊದ್ಲಿಂದ ಕೊಡೋ ಮನಿತನ. ಅವ್ರು ಇಲ್ದಂಗ ವಿಡಿಯೋ ಹೆಂಗ?" ಅಂದವನೇ ತಾನೇ ಕೂಗಿದ, "ಅಕ್ಕಾ, ಬುಟ್ಟಿ ಬಂತ್ರಿ."

ಪುಷ್ಪಲತಾ ಸೆರಗು ಮುಚ್ಚಿದ ತಟ್ಟೆ ಹಿಡಿದು ಬಂದಳು. ರೂಢಿಯಂತೆ ಮುಖ ತಗ್ಗಿಸಿ ಕೈ ಚಾಚಿದಳು. ಬೆರಳು ಪ್ಲಾಸ್ಟಿಕ್ಕಿಗೆ ತಾಗಿ ನಿಂತವು. ಅವಳು ತಲೆ ಎತ್ತಿದಳು. ಆ ಮುಖವನ್ನು ಹಂಪಮ್ಮ ಅಂದು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದಳು. ಬೀದಿಯ ಕಡೆ ತಿರುಗುವುದೇ ಅವಳಿಗೆ ಮರೆತುಹೋಗಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ, ತುಟಿ ಬಿಳಿಚಿದ್ದವು. ಇಬ್ಬರ ಕಣ್ಣೂ ಕೂಡಿದವು. ಹಂಪಮ್ಮ ಕಣ್ಣು ತಪ್ಪಿಸಿದಳು.

"ಅಕ್ಕಾ, ಹಾಕ್ರಿ. ಆನ್ ಐತಿ."

"ತಡಿಯಪ್ಪ" ಅಂದಳು ಪುಷ್ಪಲತಾ. "ಬಿಸೀವು ಒಳಗದಾವ, ತರ್ತೀನಿ."

ಒಳಗೆ ಹೋದವಳು ಬರಲು ಹೊತ್ತಾಯಿತು. ಗುರುಶಾಂತನ ಕೆಮ್ಮು ಕೇಳಿಸಿತು. ಕೊನೆಗೆ ಮೂರು ರೊಟ್ಟಿ ತಂದು, ಪ್ಲಾಸ್ಟಿಕ್ ಸರಿಸಿ, ಒಂದೊಂದಾಗಿ ಬುಟ್ಟಿಯಲ್ಲಿ ಇಟ್ಟಳು. ಒಂದು ತೆಳ್ಳಗೆ, ಒಂದು ದಪ್ಪ, ಒಂದರ ಅಂಚು ಸುಟ್ಟಿತ್ತು. ಮೂರೂ ಮೂರು ಮನೆಯ ಕೈಯ ರೊಟ್ಟಿಗಳು. ನಿನ್ನೆ ಇದೇ ಬುಟ್ಟಿಯಿಂದ ಇಳಿದು, ಇಂದಿಗೆಂದು ಉಳಿಸಿಕೊಂಡವು. ನಲವತ್ತೆಂಟು ವರ್ಷ ರೊಟ್ಟಿ ಬಡಿದ ಹಂಪಮ್ಮನಿಗೆ ಅದು ತಿಳಿಯದೆ ಹೋಗುತ್ತದೆಯೇ? ಫೋನು ಹಿಡಿದವನಿಗೆ ತಿಳಿಯಲಿಲ್ಲ. "ಅಣ್ಣಗ ಆರಾಮಿಲ್ಲದಾಗ್ಲೂ ಅಕ್ಕ ಕೊಡೋದು ಬಿಟ್ಟಿಲ್ಲ ನೋಡ್ರಿ" ಎಂದು ಫೋನಿಗೆ ಹೇಳಿದ. ಅವನ ದನಿಯಲ್ಲಿ ನಿಜವಾದ ಗೌರವವಿತ್ತು. ಹೊಟ್ಟೆ ಉರಿಯುವುದು ಅದಕ್ಕೇ.

ಆ ವಿಡಿಯೋ ಊರೆಲ್ಲ ಓಡಾಡಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ವಾಟ್ಸಾಪ್ ಗುಂಪುಗಳಿಗೂ ಹೋಯಿತು. ಸೊಸೆ ಪ್ರಿಯಾ ಓದಿ ಹೇಳಿದಳು, "ಅತ್ತಿ, ಎಲ್ಲಾರೂ ಪುಷ್ಪಕ್ಕಗ ಕೈ ಮುಗ್ಯಾರ. ಇಂಥಾ ತಾಯಿ ಇದ್ರ ಊರು ಉಳೀತೈತಿ ಅಂತ ಬರದಾರ." ಮರುದಿನದಿಂದ ಬುಟ್ಟಿಗೆ ಮನೆ ಕೂಡತೊಡಗಿದವು. ಪ್ಲಾಸ್ಟಿಕ್ ಬುಟ್ಟಿಯ ಮೇಲೇ ಉಳಿಯಿತು, ಬಳಗದ ಒಬ್ಬ ದಿನಾ ಫೋನು ಹಿಡಿದು ಹಂಪಮ್ಮನ ಹಿಂದೆ ಬರುತ್ತಿದ್ದ. ಅರುಣಕುಮಾರ್ ಹೇಳಿದ್ದು ಸುಳ್ಳಾಗಲಿಲ್ಲ. ಇಪ್ಪತ್ತು, ಮೂವತ್ತೈದು, ತಿಂಗಳಾಗುವಷ್ಟರಲ್ಲಿ ಅರವತ್ತೆರಡು. ಆಸ್ಪತ್ರೆಯಲ್ಲಿ ಒಬ್ಬರೂ ಉಪವಾಸ ಇರಲಿಲ್ಲ, ರೊಟ್ಟಿಯ ಜೊತೆ ಪಲ್ಯವೂ ಬಂತು. ಒಬ್ಬ ಮುದುಕ ಮಾತ್ರ ಫೋಟೋ ಹೊತ್ತಿಗೆ ಟವೆಲಿನಿಂದ ಮುಖ ಮುಚ್ಚಿಕೊಂಡೇ ತಿಂದ. ಎರ್ರೆಮ್ಮ ಗಟ್ಟಿಗಿತ್ತಿ. ಒಂದು ವಾರ ನೋಡಿ, ಆಸ್ಪತ್ರೆಗೇ ನಡೆದು ಬಂದು ಸಾಲಿನಲ್ಲಿ ಕೂತಳು. "ನಂಗೇನು ನಾಚಿಕಿ? ಹಸಿವಿಗೆ ಇಲ್ಲದ್ದು ನಂಗ್ಯಾಕ?" ಅಂದಳು. ಹಂಪಮ್ಮ ಅವಳಿಗೆ ಎರಡು ಹೆಚ್ಚು ಕೊಟ್ಟಳು.

ಪುಷ್ಪಲತಾ ಹಾಗೆ ಬಂದು ಕೂರುವವಳಲ್ಲ. ಅವಳ ಹೆಸರು ಈಗ ಪಟ್ಟಿಯಲ್ಲಿತ್ತು, ದಿನಕ್ಕೆ ಮೂರು ರೊಟ್ಟಿ ಎಂದು. ಬಳಗದವರು ಪ್ರತಿ ಸಂಜೆ ಗುಂಪಿನಲ್ಲಿ ಪಟ್ಟಿ ಹಾಕುತ್ತಿದ್ದರು, ಹಾಕಿದ ಮನೆಯ ಮುಂದೆ ಹಸಿರು ಗುರುತು, ಹಾಕದ ಮನೆಯ ಮುಂದೆ ಖಾಲಿ. ಪುಷ್ಪಲತಾಳ ಹೆಸರಿನ ಮುಂದೆ ಒಂದು ದಿನವೂ ಖಾಲಿ ಬೀಳಲಿಲ್ಲ. ದಿನಾ ಎಂಟೂವರೆಗೆ ಬಾಗಿಲಿಗೆ ಬರುತ್ತಿದ್ದಳು. ದಿನಾ ಮೂರು. ಎಲ್ಲಿಂದ ತರುತ್ತಿದ್ದಳೋ. ಜಂಪರಿನ ಕೂಲಿ ಗುಳಿಗೆಗೆ ಹೋಗುವುದೋ ಜೋಳಕ್ಕೆ ಹೋಗುವುದೋ. ಇಳಿಯುತ್ತಿದ್ದ ನಾಲ್ಕು ನಿಂತವು, ಏರುವ ಮೂರು ಶುರುವಾದವು. ಹಂಪಮ್ಮ ಬೀದಿಯ ಕಡೆ ತಿರುಗಿ ನಿಂತು ಮನಸ್ಸಿನಲ್ಲೇ ಆ ಏಳು ರೊಟ್ಟಿಗಳನ್ನು ಎಣಿಸುತ್ತಿದ್ದಳು.

ಒಂದು ದಿನ ತಡೆಯಲಾರದೆ ನಾಲ್ಕು ರೊಟ್ಟಿ ತಾನೇ ಬಡಿದು, ಬಾಳೆ ಎಲೆಯಲ್ಲಿ ಸುತ್ತಿ, ಮಧ್ಯಾಹ್ನ ಓಣಿ ಖಾಲಿ ಇದ್ದಾಗ ಅವರ ಹಿತ್ತಲ ಕಿಟಕಿಯ ಮೇಲೆ ಇಟ್ಟು ಬಂದಳು. ಯಾರು ಇಟ್ಟರೆಂದು ತಿಳಿಯಬಾರದೆಂದು ಚಟ್ನಿಪುಡಿಯನ್ನೂ ಇಡಲಿಲ್ಲ. ಮರುದಿನ ಬೆಳಿಗ್ಗೆ ಪುಷ್ಪಲತಾ ಬುಟ್ಟಿಯಲ್ಲಿ ಮೂರು ರೊಟ್ಟಿ ಇಟ್ಟಾಗ ಹಂಪಮ್ಮ ಅವುಗಳ ಗುರುತು ಹಿಡಿದಳು. ತನ್ನ ಕೈಯ ರೊಟ್ಟಿಗಳೇ. ನಾಲ್ಕರಲ್ಲಿ ಒಂದನ್ನು ಗಂಡನೋ ಮಗಳೋ ತಿಂದಿರಬೇಕು. ಉಳಿದ ಮೂರು ಪಟ್ಟಿಗೆ ಬಂದಿದ್ದವು.

ಆಗಲಾದರೂ ಕೇಳಬಹುದಿತ್ತು. "ಯಾಕ ಹಿಂಗ ಮಾಡ್ತಿ ಪುಷ್ಪಾ, ಮನಿಯಾಗ ಏನೈತಿ ಏನಿಲ್ಲ ಹೇಳು" ಎಂದು ಅಕ್ಕನಂತೆ ಕೂತು ಕೇಳುವ ವಯಸ್ಸು ಹಂಪಮ್ಮನಿಗೆ ಇತ್ತು. ಎರಡು ಸಲ ಬಾಗಿಲವರೆಗೆ ಹೋದಳು. ಎರಡು ಸಲವೂ ಹಾಲಿನ ದರ ಕೇಳಿ, ಗುರುಶಾಂತನ ಆರೋಗ್ಯ ವಿಚಾರಿಸಿ ವಾಪಸ್ಸು ಬಂದಳು. ಪುಷ್ಪಲತಾ ಎರಡು ಸಲವೂ ಅವಳನ್ನು ಬೀದಿಯ ತನಕ ಕಳಿಸಲು ಬಂದಳು. ಇನ್ನೇನೋ ಹೇಳುವವಳಂತೆ ನಿಂತಳು. ಆಯಾಸದಿಂದ ಇರಬೇಕು ಎಂದುಕೊಂಡಳು ಹಂಪಮ್ಮ.

ಮೂರನೆಯ ತಿಂಗಳು, ಒಂದು ಮಂಗಳವಾರ, ಪುಷ್ಪಲತಾ ಮಷಿನ್ನಿನ ಮೇಲೆಯೇ ಬಿದ್ದಳು. ಅರ್ಚನಾ ಕಿರುಚಿದ್ದಕ್ಕೆ ಓಣಿ ಓಡಿತು. ಆಸ್ಪತ್ರೆಯಲ್ಲಿ ಮೈಯಲ್ಲಿ ರಕ್ತವೇ ಇಲ್ಲ, ಹಿಮೋಗ್ಲೋಬಿನ್ ನಾಲ್ಕು ಗ್ರಾಮ್ ಕೂಡ ಇಲ್ಲ ಅಂದರು. ತಿಂಗಳುಗಟ್ಟಲೆ ಸರಿಯಾಗಿ ಉಂಡಿಲ್ಲ, ದಾವಣಗೆರೆಗೆ ಒಯ್ಯಿರಿ ಅಂದರು. ಅರುಣಕುಮಾರ್ ಹುಚ್ಚನಂತೆ ಓಡಾಡಿದ. ಅವಳ ರಕ್ತದ ಗುಂಪಿನ ಇಬ್ಬರನ್ನು ಹುಡುಕಿ ತನ್ನ ಕಾರಿನಲ್ಲಿ ಹಾಕಿಕೊಂಡು ಆಂಬುಲೆನ್ಸಿನ ಹಿಂದೆ ಹೊರಟ. ಹರಪನಹಳ್ಳಿ ದಾಟುವುದರೊಳಗೆ ಅವಳ ಹೃದಯ ನಿಂತಿತ್ತು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಅವನು ಅತ್ತನಂತೆ. "ಉಂಡಿಲ್ಲಂದ್ರ ಏನ್ರಿ? ದಿನಾ ಕೊಡಾಕಿ ಉಂಡಿಲ್ಲಂದ್ರ ಏನರ್ಥ?" ಎಂದು ರಕ್ತ ಕೊಡಲು ಬಂದವರನ್ನೇ ಕೇಳಿದನಂತೆ. ಅವರಿಗೇನು ಗೊತ್ತು?

ಗುಂಪಿನಲ್ಲಿ ಅವಳ ವಿಡಿಯೋವನ್ನೇ ಮತ್ತೆ ಹಾಕಿ, ಕೆಳಗೆ ಹೂವು, ದೀಪ ಹಾಕಿ, ನಿತ್ಯ ದಾಸೋಹಿ ತಾಯಿಗೆ ಶರಣು ಎಂದು ಬರೆದರು. ಕೊನೆಯ ಉಸಿರಿನ ತನಕ ಕೊಟ್ಟಳು ಎಂದು ಯಾರೋ ಬರೆದರು. ಅದನ್ನು ಪ್ರಿಯಾ ಓದುವಾಗ ಹಂಪಮ್ಮ ಎದ್ದು ಹಿತ್ತಲಿಗೆ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಹೊರೆಯವರೇ ಬುತ್ತಿ ತರಬೇಕು. ಎಲ್ಲರೂ ತಂದರು. ಅರವತ್ತೆರಡು ಮನೆಯವರೂ ತಂದರೋ ಏನೋ, ಪಡಸಾಲೆಯ ತುಂಬ ಡಬ್ಬಿ, ಬುಟ್ಟಿ, ಎಲೆ ಮುಚ್ಚಿದ ಪಾತ್ರೆ. ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿ ಗೋಡೆಗೆ ಆನಿಸಿದ್ದರು. ಆ ಮನೆ ಎರಡು ವರ್ಷದಲ್ಲಿ ಅಷ್ಟು ಅನ್ನ ನೋಡಿರಲಿಲ್ಲ. ತಿನ್ನುವವರು ಇಬ್ಬರೇ. ಗುರುಶಾಂತ ಮಂಚದ ಮೇಲೆ ಕೂತು, ಎಡಗೈಯಿಂದ ಏನೋ ಸನ್ನೆ ಮಾಡುತ್ತಾ, ಬಾಗಿಲಿಂದ ಒಳಗೆ ಬಂದವರ ಹಿಂದೆ ಹೆಂಡತಿಯನ್ನು ಹುಡುಕುತ್ತಿದ್ದ.

ಹಂಪಮ್ಮ ತನ್ನ ಬುತ್ತಿ ಇಟ್ಟು ಅರ್ಚನಾಳ ಪಕ್ಕ ಕೂತಳು. ಹದಿನೇಳರ ಹುಡುಗಿ. ಅತ್ತು ಅತ್ತು ಕಣ್ಣು ಒಣಗಿದ್ದವು. ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಆಮೇಲೆ ಹುಡುಗಿ ಮೆತ್ತಗೆ ಕೇಳಿದಳು.

"ಅಜ್ಜಿ, ಅವ್ವ ನಿಮ್ಮ ಬುಟ್ಟಿಯಾಗ ತಗೊಂತಿದ್ಲು. ನಿಮಗ ಗೊತ್ತಿತ್ತಲ್ರಿ?"

ಇಪ್ಪತ್ತಾರು ವರ್ಷದ ಅಭ್ಯಾಸ ನಾಲಗೆಯ ಮೇಲೆ ಕೂತಿತ್ತು. ಯೋಚನೆಗಿಂತ ಮೊದಲೇ ಮಾತು ಹೊರಬಿತ್ತು. "ಏನು ಯವ್ವ? ನಂಗೇನು ಗೊತ್ತಿಲ್ಲ. ನಿಮ್ಮವ್ವ ಹಾಕಾಕಿ. ದಿನಾ ಹಾಕಾಕಿ."

ಅರ್ಚನಾ ಅವಳ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಹಂಪಮ್ಮ ತಲೆ ತಗ್ಗಿಸಿ ಬೈಸಿಕೊಂಡು ಎದ್ದು ಹೋಗುತ್ತಿದ್ದಳು.

"ಅವ್ವ ಹಂಗ ಅಂತಿದ್ದಿಲ್ರಿ" ಅಂದಳು ಹುಡುಗಿ. "ಯಾರಿಗರ ಹೇಳವ್ವ, ನೀ ಉಣ್ಣವಲ್ಲಿ ಅಂತ ನಾನು ಜಗಳ ತೆಗದ್ರ, ಹಂಪಮ್ಮಕ್ಕಗ ಎಲ್ಲಾ ಗೊತ್ತೈತಿ ಬಿಡು ಅಂತಿದ್ಲು. ಮೊದಲಿಂದ ಗೊತ್ತೈತಿ, ಕಿಟಕಿಯಾಗ ರೊಟ್ಟಿ ಇಟ್ಟಾಕಿನೂ ಆಕಿನ ಅಂತಿದ್ಲು. ನಾನಾಗಿ ಹೆಂಗ ಬಾಯಿ ಬಿಡ್ಲಿ, ಇವತ್ತಿಲ್ಲ ನಾಳಿ ಆಕಿನ ಒಂದು ಮಾತು ಕೇಳ್ತಾಳ, ಕೇಳಿದ ದಿನ ಎಲ್ಲಾ ಹೇಳ್ಕೊಂತೀನಿ ಅಂತಿದ್ಲು. ಮೊನ್ನಿ ನೀವು ಬಂದು ಹಾಲಿನ ದರ ಕೇಳಿ ಹೋದ್ರಲ್ಲ, ಆವತ್ತು ಒಳಗ ಬಂದು ಬಾಳ ಅತ್ಲು."

ಬಾಗಿಲಲ್ಲಿ ಇನ್ನೂ ಇಬ್ಬರು ಹೆಂಗಸರು ಬುತ್ತಿ ಹಿಡಿದು ಬಂದರು, ಇಡಲು ಜಾಗವೆಲ್ಲಿ ಎಂದು ನೋಡಿದರು. ಅರ್ಚನಾ ಎದ್ದು ಒಂದು ಡಬ್ಬಿ ಸರಿಸಿ ಜಾಗ ಮಾಡಿದಳು. ಅವರು ಹೋಗುವವರೆಗೆ ಕಾದು ಹಂಪಮ್ಮ ಹುಡುಗಿಯ ಕೈ ಹಿಡಿದಳು.

"ಗೊತ್ತಿತ್ತವ್ವ" ಅಂದಳು. "ಎಲ್ಲಾ ಗೊತ್ತಿತ್ತು."

ಅರ್ಚನಾ ಕೈ ಬಿಡಿಸಿಕೊಳ್ಳಲಿಲ್ಲ. "ಹೂನ್ರಿ" ಅಂದಳು ಅಷ್ಟೆ. ಆ ಮಾತನ್ನು ಕೇಳಬೇಕೆಂದು ಮೂರು ತಿಂಗಳು ಕಾದವಳು ಅಲ್ಲಿ ಇರಲಿಲ್ಲ.